ಕುಚೆರಾ ಮನೆಯ ಬಿಳಿ ಮೆಟ್ಟಿಲು

ಬಾಲ್ಟಿಮೋರ್ ಬಂದರಿಗೆ ಬರುವ ಹಡಗುಗಳು ದೀಪಸ್ತಂಭವನ್ನು ನಂಬುತ್ತಿರಲಿಲ್ಲ. ಓಟಾ ಕುಚೆರಾನ ಮನೆಯ ಮೂರು ಬಿಳಿ ಮೆಟ್ಟಿಲುಗಳ ಹೊಳಪು ನೋಡಿಕೊಂಡೇ ದಡ ಸೇರುತ್ತಿದ್ದವು. ಒಂದು ಶನಿವಾರ ಅವನ ತಾಯಿ ಜ್ವರ ಬಂದು ಮೆಟ್ಟಿಲು ತಿಕ್ಕಲಿಲ್ಲ, ನಾಲ್ಕು ಹಡಗು ದಾರಿ ತಪ್ಪಿ ದೂರದ ನಾರ್ಫೋಕ್ ಬಂದರು ಸೇರಿದವು. ಅರವತ್ತು ವರ್ಷದಿಂದ ಓಟಾ ಹೇಳಿಕೊಂಡು ಬಂದದ್ದು ಇದು. ಇವತ್ತು ನಗರಸಭೆಯಿಂದ ಬಂದ ಡೆನೀಸ್ ಟಾಲಿವರ್‌ಗೂ ಹೇಳಿದ.

ಡೆನೀಸ್ ನಗಲಿಲ್ಲ. ಆ ಸಾಲಿನ ಮನೆಗಳನ್ನೆಲ್ಲ ಕೆಡವುವುದೆಂದು ತೀರ್ಮಾನವಾಗಿತ್ತು. ಬೀದಿಗೆ ಕಾಣುವ ಮುಂಭಾಗದಲ್ಲಿ ಮೊದಲು ಕಟ್ಟಿದಾಗಿನ ಭಾಗ ಏನಾದರೂ ಉಳಿದಿದ್ದ ಮನೆಗಳಿಗೆ ಮಾತ್ರ ವಿನಾಯಿತಿ. ಅದನ್ನು ನೋಡಿ ಬರೆದುಕೊಳ್ಳಲು ಡೆನೀಸ್ ಬಂದಿದ್ದಳು. ಓಟಾ ಹುಟ್ಟಿದ್ದು ಇದೇ ಮನೆಯಲ್ಲಿ. ಎಂಬತ್ತನಾಲ್ಕನೇ ವಯಸ್ಸಿನಲ್ಲಿ ಬೇರೆಡೆ ಸಾಯುವ ಯೋಚನೆ ಅವನಿಗಿರಲಿಲ್ಲ.

"ನಮ್ಮಜ್ಜನ ಕಾಲದಲ್ಲಿ ಮಹಡಿ ಮೇಲೆ ನಲವತ್ತು ಹೊಲಿಗೆ ಮಿಷನ್ ಓಡ್ತಿದ್ವು ಕಣಮ್ಮಾ. ಇಡೀ ಅಮೆರಿಕದ ಪ್ಯಾಂಟು ಇಲ್ಲೇ ಹೊಲಿದಿದ್ದು!"

"ನಾಲ್ಕು," ಅಂದಳು ಪಕ್ಕದ ಮನೆಯ ಮೆಟ್ಟಿಲ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದ ರೋಸ್ ವಾವ್ರಾ. ಅವಳೂ ಅದೇ ಬೀದಿಯಲ್ಲಿ ಹುಟ್ಟಿದವಳು. "ಅದರಲ್ಲೂ ಒಂದು ಕೆಟ್ಟಿತ್ತು."

"ನಿನ್ನನ್ನ ಯಾರು ಕೇಳಿದ್ರೇ?"

ಡೆನೀಸ್ ಗೋಡೆ ನೋಡಿದಳು. ಇಟ್ಟಿಗೆಯ ಮೇಲೆ ಓಟಾನ ಅಪ್ಪ ಕಲ್ಲಿನಂತೆ ಕಾಣುವ ಗಾರೆಯ ಸುಳ್ಳು ಕಲ್ಲು ಅಂಟಿಸಿದ್ದ. ಆಗ ಬೀದಿಗೆ ಬೀದಿಯೇ ಹಾಗೆ ಮಾಡಿಕೊಂಡಿತ್ತು. ಓಟಾ ಮುಂದಿನ ಕೋಣೆಯನ್ನು ಕಟಿಂಗ್ ಶಾಪ್ ಮಾಡಿದಾಗ ಕಿಟಕಿ ಒಡೆದು ಅಗಲ ಮಾಡಿದ. ಅಂಗಡಿ ಮುಚ್ಚಿದ ಮೇಲೆ ಅದನ್ನು ಅರ್ಧ ಕಟ್ಟಿ, ಒಳಗೆ ಹಲಗೆ ಅಡ್ಡ ಹಾಕಿ, ನರ್ಸ್ ಹುಡುಗಿಯರಿಗೆ ಬಾಡಿಗೆಗೆ ಕೊಟ್ಟ. ಡೆನೀಸ್ ಕೈಯಲ್ಲಿದ್ದ ಪಟ್ಟಿಯಲ್ಲಿ ಒಂದೊಂದಕ್ಕೂ ಅಡ್ಡಗೆರೆ ಎಳೆದಳು.

"ಗಾರೆ ಹಿಡೀಲಿ ಅಂತ ಅಡಿಯ ಇಟ್ಟಿಗೆಗೂ ಉಳಿ ಹೊಡೆದು ಹಾಳು ಮಾಡಿದ್ದಾರೆ, ಸರ್. ಇನ್ನು ಉಳಿದಿರೋದು ಮೆಟ್ಟಿಲೊಂದೇ."

"ಅಮೃತಶಿಲೆ! ನೂರಿಪ್ಪತ್ತು ವರ್ಷದ್ದು. ನಮ್ಮಮ್ಮ ತಿಕ್ಕಿ ತಿಕ್ಕಿ ಅರ್ಧ ಅಡಿ ಸವೆಸಿದ್ದಾಳೆ."

ಡೆನೀಸ್ ಬಗ್ಗಿ ಅಂಗೈಯನ್ನು ಮೆಟ್ಟಿಲ ಮೇಲಿಟ್ಟಳು. ಹಾಗೇ ಸ್ವಲ್ಪ ಹೊತ್ತು ಇಟ್ಟುಕೊಂಡಳು.

"ಬೆಚ್ಚಗಿದೆ."

"ಜುಲೈ ಬಿಸಿಲಮ್ಮಾ, ಇನ್ನೇನಾಗುತ್ತೆ!"

"ನಮ್ಮ ಮೆಟ್ಟಿಲೂ ಇದೇ ಬಿಸಿಲಲ್ಲಿದೆ," ಅಂದಳು ರೋಸ್. "ಬಂದು ಮುಟ್ಟಿ ನೋಡು ತಾಯಿ, ತಣ್ಣಗೆ ನದಿ ನೀರಿದ್ದ ಹಾಗಿದೆ."

ಡೆನೀಸ್ ಬೆರಳ ಗಂಟಿನಿಂದ ತಟ್ಟಿದಳು. ಟೊಳ್ಳು ಸದ್ದು ಬಂತು. ಅಂಚಿನಲ್ಲಿ ಉಗುರು ಹಾಕಿದಾಗ ಬಿಳಿ ಬಣ್ಣದ ಚಕ್ಕೆ ಎದ್ದಿತು. ಅದರಡಿ ಮತ್ತೊಂದು ಬಿಳಿ, ಅದರಡಿ ಕಂದು ಹಲಗೆ.

ರೋಸ್ ಬಟಾಣಿ ಸುಲಿಯುವುದನ್ನು ನಿಲ್ಲಿಸಿದಳು. ಓಟಾ ಬಾಗಿಲ ಚೌಕಟ್ಟು ಹಿಡಿದುಕೊಂಡ. ಸುಳ್ಳು ಹುಡುಕಿದ, ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಒಂದೂ ಸಿಗಲಿಲ್ಲ.

"ಅಂಗಡಿಗೆ ಬಾಗಿಲು, ಮೆಟ್ಟಿಲು ಎರಡೂ ಪಕ್ಕಕ್ಕೆ ಸರಿಸ್ಬೇಕಿತ್ತು," ಅಂದ ಮೆಲ್ಲಗೆ. "ಅಮ್ಮನಿಗೆ ಆಗ್ಲೇ ಕಣ್ಣು ಹೋಗಿತ್ತು. ಎರಡು ವಾರ ಚಿಕ್ಕಮ್ಮನ ಮನೇಲಿದ್ಲು. ಅಷ್ಟರಲ್ಲಿ ಮೇಸ್ತ್ರಿ ಕಲ್ಲು ಕಿತ್ತು ಲಾರಿಗೆ ಹಾಕ್ದ. ಎಲ್ಲಿಗೆ ಹೋಯ್ತು ಅಂತ ನಾನು ಕೇಳ್ಲೂ ಇಲ್ಲ. ಮರದ್ದು ಮಾಡ್ಸಿ, ಬಣ್ಣ ಹೊಡೆದೆ. ಅಮ್ಮ ಬಂದಾಗ, ಜಾಗ ಸರಿದಿದೆ, ಮೆಟ್ಟಿಲು ಅದೇ ಕಣಮ್ಮಾ ಅಂದೆ."

"ಅವರು ನಂಬಿದ್ರಾ?" ಡೆನೀಸ್ ಕೇಳಿದಳು.

"ಆ ಶನಿವಾರ ಬಕೆಟ್ಟು, ತಿಕ್ಕೋ ಕಲ್ಲು ತಗೊಂಡು ಮಂಡಿಯೂರಿ ಕೂತ್ಲು. ನಿನ್ನ ಹಾಗೇ ಅಂಗೈ ಇಟ್ಲು. 'ಕಲ್ಲು ಬೆಚ್ಚಗಾಗಿದೆ ಕಣೋ ಓಟಾ' ಅಂದ್ಲು, ಅಷ್ಟೇ. ತಿಕ್ಕೋ ಕಲ್ಲು ಪಕ್ಕಕ್ಕಿಟ್ಟು ಬಟ್ಟೇಲಿ ಒರೆಸಿದ್ಲು. ಆಮೇಲೆ ಹನ್ನೊಂದು ವರ್ಷ, ಪ್ರತಿ ಶನಿವಾರ, ಬಟ್ಟೇಲೇ. ತಿಕ್ಕಿದ್ರೆ ಬಣ್ಣ ಹೋಗಿ ಬೀದಿಯೋರ ಮುಂದೆ ನನ್ನ ಮಾನ ಹೋಗುತ್ತೆ ಅಂತ."

ಡೆನೀಸ್‌ಳ ಪೆನ್ಸಿಲು ಕಾಗದದ ಮೇಲೆ ನಿಂತಿತ್ತು.

"ಹಡಗೂ ಇಲ್ಲ, ನಾರ್ಫೋಕೂ ಇಲ್ಲ," ಅಂದ ಓಟಾ. "ಬರ್ಕೊಳ್ಳಮ್ಮಾ. ಮರದ್ದು."