ದೋಣಿಯಲ್ಲಿ ಬಿಚ್ಚಿದ ಪೊಟ್ಟಣ

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನನ್ನ ಹಿರಿಯ ಮಗ ತೊರಿಬಿಯೊ ಮುದ್ದಾಗಿದ್ದದ್ದು ನಿಜ. ಹೆಗ್ಗಣ ಅಂತ ಗೊತ್ತಾದದ್ದು ಮಾತ್ರ ಈ ಡಿಸೆಂಬರಿನಲ್ಲಿ.

ಕಿರಿಯವನು ಸೆಲ್ಸೊ ಈಸ್ಟರಿನ ಹೊತ್ತಿಗೆ ತೀರಿಕೊಂಡ. ಅವನು ಬಿಟ್ಟು ಹೋದದ್ದು ಹೆಂಡತಿ ರುತೀಲಿಯಾಳನ್ನು, ಕಾಲುವೆ ನಡುವಿನ ಒಂದು ಪಟ್ಟಿ ನೆಲವನ್ನು, ಕುಯೆಮಾಂಕೊ ಎಂಬಲ್ಲಿನ ಗಿಡಗಳ ಮಾರುಕಟ್ಟೆಯಲ್ಲಿ ಒಂದು ಮಳಿಗೆಯನ್ನು. ಸತ್ತವನಿಗಾಗಿ ಒಂಬತ್ತು ದಿನ ಜಪ ಮಾಡುತ್ತೇವಲ್ಲ, ಅದು ಮುಗಿಯುವ ಮೊದಲೇ ತೊರಿಬಿಯೊ ಆ ಮಳಿಗೆಗೆ ತನ್ನ ಬೀಗ ಜಡಿದಿದ್ದ.

"ಬೆಳೆಸೋದು ನೀನು ಬೆಳೆಸು, ಮಾರೋದು ನಾನು ಮಾರ್ತೀನಿ. ಗಂಡಸರ ಮಧ್ಯ ನಿಂತು ಕೂಗೋದು ನಿನಗೆ ಯಾಕೆ ಬೇಕು?" ಅಂದ.

ರುತೀಲಿಯಾ ನೆರಳುಮನೆಯ ತುಂಬ ನೋಚೆಬುಯೆನಾ ಗಿಡ ಬೆಳೆಸಿದಳು. ಕ್ರಿಸ್‌ಮಸ್ ಹೊತ್ತಿಗೆ ಎಲೆಯೇ ಹೂವಿನಂತೆ ಕೆಂಪಾಗುವ ಗಿಡ ಅದು. ನಮ್ಮ ಮಾರುಕಟ್ಟೆಯಲ್ಲಿ ಒಂದು ಪದ್ಧತಿ ಇದೆ: ಮಳಿಗೆ ಯಜಮಾನ ಸತ್ತರೆ, ಆ ವರ್ಷದ ಡಿಸೆಂಬರಿನಲ್ಲಿ ಮಳಿಗೆಯಲ್ಲೋ ಹಿಂದಿನ ದೋಣಿಕಟ್ಟೆಯಲ್ಲೋ ಅವನ ನೆಲದ ಗಿಡಗಳನ್ನು ಯಾರು ನಿಂತು ಮಾರುತ್ತಾರೋ ಮಳಿಗೆಯ ಜಾಗ ಅವರದು. ಅಂದರೆ ಈ ಡಿಸೆಂಬರ್ ದಾಟಿದರೆ ಸೆಲ್ಸೊನ ಜಾಗ ತೊರಿಬಿಯೊಗೆ ಹೋದಂತೆಯೇ. ಆಮೇಲೆ ಅವಳು ಸಾಯುವವರೆಗೂ ಭಾವನ ಕೂಲಿ.

ಹಾಗಾಗಿ ಅವಳು ಲಾರಿ ಕೇಳಲು ಹೋದಳು. ಗಿಡ ಸಾಗಿಸಲಿಕ್ಕೆಂದೇ ಒಳಗೆ ಹಲಗೆ ಅಂತಸ್ತು ಕಟ್ಟಿಸಿದ ಲಾರಿ ನಮ್ಮ ಮನೆತನದಲ್ಲಿ ಒಂದೇ, ಅದು ತೊರಿಬಿಯೊನದು. ಅವನು ಕೊಡಲಿಲ್ಲ. ಸಾಲದ್ದಕ್ಕೆ ಇವಳ ಗಿಡಗಳನ್ನು ಒಳಗೆ ಬಿಡಬೇಡಿ ಎಂದು ಲಾರಿ ಗೇಟಿನವರಿಗೂ ಹೇಳಿಬಂದ.

ಅವಳು ಮನೆಗೆ ಬಂದವಳೇ ನನ್ನ ಮುಂದೆ ನಿಂತಳು. "ಅತ್ತೆ, ಆ ಹಳೇ ದೋಣಿ ಸೋರುತ್ತಾ?"

"ನಾನೂ ಸೋರ್ತೀನಿ. ಹಾಗಂತ ನನ್ನ ಮೂಲೆಗೆ ಹಾಕಿದೀಯಾ?"

ಎಷ್ಟೋ ತಿಂಗಳ ಮೇಲೆ ಹುಡುಗಿ ನಕ್ಕಳು. ಅವತ್ತು ಸಂಜೆಯೇ ಗಿಡ ಕಟ್ಟಲು ಕೂತೆವು.

ನೋಚೆಬುಯೆನಾ ನೋಡಲು ರಾಣಿ, ಮುಟ್ಟಿದರೆ ಅಳುಬುರುಕಿ. ಕೊಂಬೆ ಸ್ವಲ್ಪ ಅಡ್ಡ ಬಾಗಿದರೂ ಪಟ್ಟನೆ ಮುರಿದು ಬಿಳಿ ಹಾಲು ಸುರಿಸುತ್ತದೆ. ಮೇಜಿನ ಮೇಲೆ ಕುಂಡ ಇಟ್ಟು, ಒಬ್ಬರು ಎಲೆಗಳನ್ನು ಕೆಳಗಿನಿಂದ ಎರಡೂ ಕೈಯಲ್ಲಿ ಮೇಲಕ್ಕೆ ಎತ್ತಿಕೊಳ್ಳಬೇಕು, ಇನ್ನೊಬ್ಬರು ಸುತ್ತಲೂ ಕಾಗದ ಬಳಸಿ ಕಡಲೆಕಾಯಿ ಪೊಟ್ಟಣದ ಹಾಗೆ ಸುರುಳಿ ಕಟ್ಟಬೇಕು. ಕಟ್ಟಿದ ಮೇಲೆ ಗಾಳಿಗೂ ಕುಲುಕಿಗೂ ಹೆದರಬೇಕಿಲ್ಲ. ಬಿಚ್ಚಿದ ಮೇಲೆ ಮಾತ್ರ ಅಲುಗಾಡುವ ಕಡೆ ಮತ್ತೆ ಕಟ್ಟಲು ಹೋಗಬಾರದು. ಕಟ್ಟುವಷ್ಟರಲ್ಲಿ ಅರ್ಧ ಗಿಡ ಕೈಗೆ ಬಂದಿರುತ್ತದೆ.

ಬೆಳಿಗ್ಗೆ ಬಿಸಿ ಗಂಜಿ ಕುಡಿದು ಹೊರಟೆವು. ದೋಣಿಯ ತುಂಬ ಬಿಳಿ ಪೊಟ್ಟಣ, ನಡುವೆ ರುತೀಲಿಯಾ, ಹಿಂದೆ ಗಳ ಹಿಡಿದು ನಾನು. ಮದುವೆಗೆ ಮುಂಚೆ ನಮ್ಮಪ್ಪನ ಹೂಗಳನ್ನು ಇದೇ ನೀರಿನಲ್ಲಿ ಒಯ್ಯುತ್ತಿದ್ದವಳು ನಾನು. ಕೈಗೆ ಅದು ಮರೆತಿರಲಿಲ್ಲ, ಸೊಂಟಕ್ಕೆ ಮರೆತಿತ್ತು. ಪ್ರವಾಸಿಗರ ದೋಣಿ ನಡೆಸುವ ಹುಡುಗರು ನಮ್ಮನ್ನು ನೋಡಿ ಸುಮ್ಮನಿರುತ್ತಾರೆಯೇ?

"ದೋನ್ಯಾ ಮಾಸೆ! ಬಿಳಿ ಬಟ್ಟೆ ಸುತ್ತಿ ಯಾರ ಹೆಣ ಸಾಗಿಸ್ತಿದೀರಿ?" ಅಂತ ಒಬ್ಬ ನನ್ನನ್ನು ಕೂಗಿದ. ದೋನ್ಯಾ ಅಂದರೆ ನಮ್ಮಲ್ಲಿ ಅಮ್ಮನವರು ಅಂದ ಹಾಗೆ.

"ನಿನ್ನದಕ್ಕೂ ಜಾಗ ಇಟ್ಟಿದೀನಿ, ಹತ್ತೋ!" ಅಂದೆ.

ದೊಡ್ಡ ಕಾಲುವೆಗೆ ಬಂದದ್ದೇ ತಡ, ಎದುರುಗಾಳಿ ಹಿಡಿಯಿತು. ಕಾಗದಗಳು ಪಟಪಟ ಹೊಡೆದುಕೊಂಡವು, ಒಳಗಿನ ಒಂದು ಎಲೆಯೂ ಮುರಿಯಲಿಲ್ಲ.

ಮಾರುಕಟ್ಟೆಯ ಹಿಂದಿನ ದೋಣಿಕಟ್ಟೆಗೆ ಮುಟ್ಟಿದಾಗ ತೊರಿಬಿಯೊ ಅಲ್ಲೇ ನಿಂತಿದ್ದ. ಯಾರೋ ಸುದ್ದಿ ಮುಟ್ಟಿಸಿದ್ದರು. ಪಕ್ಕದಲ್ಲಿ ಮಾರಾಟಗಾರರ ಸಂಘದ ಮುಖಂಡ ದೋನ್ ಚಾನೊ. ಆತ ಜನ್ಮದಲ್ಲಿ ಅಡ್ಡಗೋಡೆ ಮೇಲೆ ದೀಪ ಇಡುವುದನ್ನು ಬಿಟ್ಟು ಬೇರೆ ಕೆಲಸ ಮಾಡಿದವನಲ್ಲ.

"ನೋಡಮ್ಮ ರುತೀಲಿಯಾ," ಅಂದ ಚಾನೊ, "ನೀನು ಹೇಳೋದೂ ಸರಿ, ಅವನು ಹೇಳೋದೂ ಸರಿ. ಹಬ್ಬ ಕಳೀಲಿ, ಸಂಘದಲ್ಲಿ ಕೂತು ಮಾತಾಡೋಣ."

"ಹಬ್ಬ ಕಳೆದ್ರೆ ಡಿಸೆಂಬರ್ ಕಳೆಯುತ್ತಲ್ಲ, ದೋನ್ ಚಾನೊ?"

ಚಾನೊ ಕೆಮ್ಮಿದ. ತೊರಿಬಿಯೊ ಮುಂದೆ ಬಂದು ದನಿ ಸಣ್ಣದು ಮಾಡಿದ. ಆ ಸಣ್ಣ ದನಿ ನನಗೆ ಗೊತ್ತು. ಚಿಕ್ಕವನಿದ್ದಾಗ ತಮ್ಮನ ಪಾಲಿನ ಸಿಹಿ ಕೇಳಲಿಕ್ಕೂ ಅದನ್ನೇ ತೆಗೆಯುತ್ತಿದ್ದ.

"ಕಟ್ಟಿದ್ದು ಕಟ್ಟಿದ ಹಾಗೇ ಇದೆ. ಹಾಗೇ ಮನೆಗೆ ತಗೊಂಡು ಹೋಗು. ಒಂದೆಲೆ ಹಾಳಾಗಲ್ಲ. ನಾಳೆ ನಾನೇ ಲಾರಿ ತಂದು ತುಂಬಿಸ್ಕೊಂಡು ಬರ್ತೀನಿ. ನಿನಗ್ಯಾಕೆ ಈ ತಾಪತ್ರಯ?"

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದೇ ಕೆಟ್ಟದ್ದು. ಪೊಟ್ಟಣ ಕಟ್ಟಿರುವ ತನಕ ಹಿಂದೆ ಹೋಗುವ ದಾರಿ ತೆರೆದೇ ಇತ್ತು. ಗಿಡ ಉಳಿಯುತ್ತಿತ್ತು, ಮರ್ಯಾದೆಯೂ ಅಷ್ಟಿಷ್ಟು ಉಳಿಯುತ್ತಿತ್ತು. ಇಲ್ಲಿ, ನೀರಿನ ಮೇಲೆ, ಬಿಚ್ಚಿದರೆ ಮುಗಿಯಿತು. ಆ ಗಾಳಿಯಲ್ಲಿ ಬರಿಗಿಡ ವಾಪಸ್ ಒಯ್ದರೆ ಮನೆಗೆ ಮುಟ್ಟುವುದು ಬರೀ ಕಡ್ಡಿ.

ರುತೀಲಿಯಾ ಅವನ ಮುಖವನ್ನೇ ನೋಡುತ್ತ ಬಗ್ಗಿದಳು. ಹತ್ತಿರದ ಪೊಟ್ಟಣದ ಅಂಚು ಹಿಡಿದು ಮೇಲಿಂದ ಕೆಳಗಿನವರೆಗೆ ಪರ್ರನೆ ಹರಿದಳು. ಒಳಗಿನ ಕೆಂಪು ಹಾಗೇ ಅರಳಿಕೊಂಡಿತು. ಇನ್ನೊಂದು ಹರಿದಳು. ಮತ್ತೊಂದು.

"ಹುಚ್ಚು ಹಿಡಿದಿದೆಯೇನೇ? ವಾಪಸ್ ಹೇಗೆ ಒಯ್ತೀಯ?"

"ಒಯ್ಯಲ್ಲ ಭಾವ."

"ಅಮ್ಮಾ! ಅವಳಿಗೆ ಬುದ್ಧಿ ಇಲ್ಲ, ನಿನಗೂ ಇಲ್ವಾ? ದೋಣಿ ತಿರುಗಿಸು!"

ಎಲ್ಲರೂ ನನ್ನ ಕಡೆ ನೋಡಿದರು. ಉಳಿದಿರುವುದು ಅವನೊಬ್ಬನೇ ಮಗ. ನಾಳೆ ನನ್ನನ್ನು ಮಣ್ಣು ಮಾಡಬೇಕಾದವನೂ ಅವನೇ. ಆದರೆ ಅಣ್ಣನಾದವನು ತಮ್ಮನ ಹೆಂಡತಿಯ ಅನ್ನಕ್ಕೆ ಬೀಗ ಹಾಕಿದರೆ ಅದನ್ನು ನೋಡಿಕೊಂಡು ಸುಮ್ಮನಿರಲು ನಾನು ಇವರನ್ನು ಹೆತ್ತಿದ್ದಲ್ಲ. ದೋಣಿಯನ್ನು ಗೂಟಕ್ಕೆ ಬಿಗಿದೆ. ಗಳವನ್ನು ನೀರಿನಿಂದ ಎತ್ತಿ ಅವನ ಎದೆಗೆ ಚಾಚಿದೆ. ಪಾಪ, ಏನೆಂದು ತಿಳಿಯದೆ ಹಿಡಿದುಕೊಂಡ.

"ತಗೋ ಮಗನೇ. ಗಳ ಇಲ್ಲದೆ ದೋಣಿ ಎಲ್ಲಿಗೂ ತಿರುಗಲ್ಲ. ನಾವು ಮಾರೋಕೆ ಬಂದಿದೀವಿ, ಮಾರ್ತೀವಿ."

ಆಮೇಲೆ ನಾನೂ ಕೂತು ಹರಿಯಲು ಶುರುಮಾಡಿದೆ. ಎಷ್ಟು ಸಂತೋಷದ ಕೆಲಸ ಅದು! ದೋಣಿ ಈ ತುದಿಯಿಂದ ಆ ತುದಿಗೆ ಕೆಂಪಾಯಿತು. ಮಳಿಗೆಗಳ ಹೆಂಗಸರು ಗಿರಾಕಿಗಳನ್ನು ಬಿಟ್ಟು ಕಟ್ಟೆಗೆ ಬಂದರು, ಗಿರಾಕಿಗಳು ಅವರ ಹಿಂದೆ ಬಂದರು. ತೊರಿಬಿಯೊ ಮೆರವಣಿಗೆಯಲ್ಲಿ ಬಾವುಟ ಹಿಡಿದವನ ಹಾಗೆ ಗಳ ಹಿಡಿದೇ ನಿಂತಿದ್ದ. ಕೆಳಗಿಟ್ಟರೂ ನಗೆಪಾಟಲು, ಇಟ್ಟುಕೊಂಡರೂ ನಗೆಪಾಟಲು.

ಉಣ್ಣೆ ಶಾಲು ಹೊದ್ದ ಒಬ್ಬಾಕೆ ಎರಡು ಕುಂಡ ಆರಿಸಿ ಎದೆಗವಚಿಕೊಂಡಳು.

"ಯಾರ ಗಿಡಾನಮ್ಮ ಇವು?"

"ನನ್ನವು," ಅಂದಳು ರುತೀಲಿಯಾ.

"ಚೆನ್ನಾಗಿವೆ. ನಮ್ಮ ಚರ್ಚಿಗೆ ಇನ್ನಷ್ಟು ಬೇಕು. ನಾಳೆ ಬಂದ್ರೆ ನಿಮ್ಮ ಅಂಗಡಿ ಎಲ್ಲಿ?"

ರುತೀಲಿಯಾ ದೋಣಿಯಲ್ಲಿ ನೆಟ್ಟಗೆ ಎದ್ದು ನಿಂತಳು. ತೊರಿಬಿಯೊನ ತಲೆಯ ಮೇಲಿಂದ ಕೈ ಚಾಚಿ ಸೆಲ್ಸೊನ ಮಳಿಗೆ ತೋರಿಸಿದಳು.

"ಅಗೋ, ಅದು. ಇವತ್ತು ಬೀಗ ಹಾಕಿದೆ. ನಾಳೆ ಬನ್ನಿ, ತೆಗೆದಿರುತ್ತೆ."