ಏನೂ ಇಲ್ಲದ ಗೆರೆ

ಮುಚ್ಚಿಹೋದ ಸಾಬೂನು ಕಾರ್ಖಾನೆಯೊಂದು ತಿಪಟೂರಿನ ಹೊಸ ಕಾಲೇಜಿಗೆ ದಾನ ಕೊಟ್ಟ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಬಂದ ದಿನದಿಂದ ಒಮ್ಮೆಯೂ ಉಸಿರಾಡಿರಲಿಲ್ಲ. ಪ್ರಯೋಗಾಲಯದ ಮೂಲೆಯಲ್ಲಿ, ಹಳೇ ಪರದೆ ಹೊದ್ದು, ಕಾಯಿಲೆ ಬಿದ್ದ ನೆಂಟನ ಹಾಗೆ ವರ್ಷಗಟ್ಟಲೆ ಮಲಗಿತ್ತು. ಹುಡುಗರು ಅದರ ಮೇಲೆ ಟಿಫನ್ ಡಬ್ಬಿ ಇಡುತ್ತಿದ್ದರು. ಎಂಬತ್ತೆರಡರ ಬೇಸಿಗೆಯಲ್ಲಿ ಪ್ರಿನ್ಸಿಪಾಲ್ ದೊಡ್ಡರಂಗಯ್ಯ, "ಶನಿವಾರ ಗುಜರಿಯವನು ಬರ್ತಾನೆ ಕಣ್ರೀ. ಅಷ್ಟರಲ್ಲಿ ಇದು ಕೆಲಸ ಮಾಡೋದನ್ನ ನನ್ನ ಕಣ್ಣಿಗೆ ತೋರಿಸಿ. ಇಲ್ಲಾಂದ್ರೆ ಮುರಿದ ಬೆಂಚಿನ ಜೊತೆ ಇದೂ ಹೋಗ್ಲಿ" ಎಂದುಬಿಟ್ಟರು. ಅವರು ಇತಿಹಾಸ ಪಾಠ ಮಾಡುವವರು. ಯಂತ್ರಗಳ ವಿಷಯದಲ್ಲಿ ಕಣ್ಣನ್ನಷ್ಟೇ ನಂಬುತ್ತಿದ್ದರು.

ಆ ಮಾತು ಹೇಳಿದ್ದು ರಸಾಯನಶಾಸ್ತ್ರದ ಉಪನ್ಯಾಸಕ ಕಾಡಸಿದ್ದಪ್ಪನಿಗೆ. ಆ ಯಂತ್ರದೊಳಗೆ ಸುರುಳಿ ಸುತ್ತಿದ ಕೊಳವೆಯೊಂದಿತ್ತು. ಯಾವುದೇ ಎಣ್ಣೆಯನ್ನು ಆಮ್ಲ ಬೆರೆಸಿದ ಮೆಥನಾಲಿನಲ್ಲಿ ಕಾಯಿಸಿ, ಹಗುರ ಮಾಡಿ ಒಳಗೆ ಬಿಟ್ಟರೆ, ಅದರ ಒಂದೊಂದು ಅಂಶವೂ ತನ್ನದೇ ನಡಿಗೆಯಲ್ಲಿ ಹೊರಟು, ತನ್ನದೇ ಹೊತ್ತಿಗೆ ಆಚೆ ಬಂದು, ಕಾಗದದ ಮೇಲೆ ಒಂದೊಂದು ಗುಡ್ಡ ಬರೆಯುತ್ತದೆ. ಇದನ್ನು ಅವನು ಪುಸ್ತಕದಲ್ಲಿ ಓದಿದ್ದ, ಅಷ್ಟೆ. ಓದಿದ ದಿನದಿಂದ ಅವನ ನಿದ್ದೆಯಲ್ಲಿ ಆ ಕೊಳವೆ ಬಿಚ್ಚಿಕೊಳ್ಳುತ್ತಿತ್ತು. ಅದರೊಳಗೆ ತಾನೇ ನಡೆಯುತ್ತಿದ್ದ. ಜೊತೆಗೆ ಹೊರಟವರೆಲ್ಲ ಒಬ್ಬೊಬ್ಬರಾಗಿ ಹಿಂದೆ ಉಳಿಯುತ್ತಿದ್ದರು. ಅದನ್ನು ಗುಜರಿಗೆ ಹಾಕುವುದೆಂದರೆ ಇನ್ನೂ ಕಾಣದ ಊರೊಂದನ್ನು ಗುಜರಿಗೆ ಹಾಕಿದಂತೆ.

ರೇಡಿಯೋ ರಿಪೇರಿಯ ಮುನಾವರ್ ಅವನ ಹೈಸ್ಕೂಲ್ ಗೆಳೆಯ. ಅಂಗಡಿಗೆ ಬಾಗಿಲು ಹಾಕಿ ಬಂದವನು ಸುಟ್ಟ ತಂತಿ ಬದಲಿಸಿದ, ಇಲಿ ಕಡಿದ ವೈರು ಬೆಸೆದ. ಕಾಡಸಿದ್ದಪ್ಪ ಕೀಲುಗಳಿಗೆಲ್ಲ ಸೋಪಿನ ನೀರು ಸವರಿ, ಅನಿಲ ಸೋರಿ ಗುಳ್ಳೆ ಎದ್ದ ಕಡೆಯೆಲ್ಲ ಬಿಗಿದ. ಶುಕ್ರವಾರ ಬೆಳಿಗ್ಗೆ, ಕೊಳವೆಯಿಂದ ಆಚೆ ಬಂದದ್ದನ್ನು ಸುಟ್ಟು ಗುರುತಿಸುವ ಒಳಗಿನ ಪುಟ್ಟ ಬೆಂಕಿ ಟಪ್ಪೆಂದು ಹೊತ್ತಿತು. ಹೊತ್ತಿದ್ದು ಕಾಣಲಿಲ್ಲ, ಆ ಹೈಡ್ರೋಜನ್ ಉರಿಗೆ ಬಣ್ಣವೇ ಇಲ್ಲ. ಮುನಾವರ್ ಜೇಬಿನ ಕನ್ನಡಿಯನ್ನು ಅದರ ಮೇಲೆ ಹಿಡಿದ. ಉರಿಯ ಆವಿ ಗಾಜಿನ ಮೇಲೆ ಮಗುವಿನ ಉಸಿರಿನಂಥ ಮಂಜಾಗಿ ಕೂತಿತು.

"ಬದುಕ್ತು ಕಣ್ಲಾ!"

ಮೊದಲು ಖಾಲಿ ಪರೀಕ್ಷೆ. ಎಣ್ಣೆ ಹಾಕದೆ ಬರೀ ಆ ಮೆಥನಾಲನ್ನು ಪುಟ್ಟ ಸೀಸೆಯಲ್ಲಿ ಕಾಯಿಸಿ ಸೂಜಿಯಿಂದ ಒಳಗೆ ಬಿಡಬೇಕು. ಮೊದಲಿಗೆ ಅದರದೇ ಒಂದು ನೆಗೆತ; ಆಮೇಲೆ ಪೆನ್ನು ನೆಟ್ಟಗೆ ಗೆರೆ ಎಳೆಯುತ್ತ ಹೋಗಬೇಕು. ಹೋಗುತ್ತಿದ್ದ ಪೆನ್ನು ತಡೆದು ನಿಂತು, ಮೇಲಕ್ಕೆದ್ದು, ದೊಡ್ಡ ಗುಡ್ಡವೊಂದನ್ನು ಬರೆಯಿತು. ಪುಸ್ತಕದ ಚಿತ್ರದಲ್ಲಿ ತೆಂಗಿನೆಣ್ಣೆಯ ಮುಖ್ಯ ಗುಡ್ಡ ಇದ್ದ ಜಾಗದಲ್ಲೇ.

"ಎಂಥಾ ಗುಡ್ಡ ನೋಡ್ಲಾ! ಪ್ರಿನ್ಸಿಪಾಲ್ರನ್ನ ಕರ್ಕೊಂಡ್ ಬತ್ತೀನಿ" ಎಂದ ಮುನಾವರ್.

"ಬ್ಯಾಡ. ಒಳಗೆ ಎಣ್ಣೆನೇ ಹಾಕಿಲ್ಲ. ಇಲ್ಲದ್ದನ್ನ ಇದೆ ಅಂತಾ ಇದೆ ಇದು."

"ಅವರಿಗೇನ್ ಗೊತ್ತಾಯ್ತದೆ? ಗುಡ್ಡ ಕಂಡ್ರೆ ಮಿಷನ್ನು ಉಳೀತು. ಬುಡು."

"ಸುಳ್ಳು ಹೇಳೋ ಮಿಷನ್ನು ಉಳಿಸ್ಕೊಂಡು ಏನ್ಮಾಡ್ಲಿ?"

"ನಿಮ್ಮೂರಿನ ಪಂಚಾಯ್ತಿ ಛೇರ್ಮನ್ನನ್ನ ಉಳಿಸ್ಕೊಂಡಿಲ್ವೇನ್ಲಾ?"

ಕಾಡಸಿದ್ದಪ್ಪ ನಗಲಿಲ್ಲ. ಸೀಸೆ ತೊಳೆದ, ಸೂಜಿ ತೊಳೆದ, ಮಧ್ಯಾಹ್ನವೆಲ್ಲ ಕೊಳವೆಯನ್ನು ಕಾಯಿಸಿದ. ಮತ್ತೆ ಖಾಲಿ ಪರೀಕ್ಷೆ; ಮತ್ತೆ ಅದೇ ತೆಂಗಿನೆಣ್ಣೆಯ ಗುಡ್ಡ. ಈ ಸೀಮೆಯ ಗಾಳಿಯೇ ಒಳಗೆ ಹೊಕ್ಕು ಕನಸು ಕಾಣುತ್ತಿದೆಯೇನೋ ಅನ್ನಿಸಿತು.

ಸಂಜೆ ಊರಿಗೆ ಹೋಗುವ ನೊಣವಿನಕೆರೆ ಬಸ್ಸಿನಲ್ಲಿ ಕೂತಲ್ಲೇ ತೂಕಡಿಸಿದ. ಕಿಟಕಿಯಾಚೆ ತೋಟಗಳು ತೇಲುತ್ತಿದ್ದವು. ಅರೆಗಣ್ಣಿಗೆ ಬಸ್ಸಿನ ಒಳಗೋಡೆ ಕಂಡಿತು. ಪ್ರತಿ ಸೀಟಿನ ಪಕ್ಕದಲ್ಲೂ ತಲೆಯ ಎತ್ತರಕ್ಕೆ ಒಂದೊಂದು ಜಿಡ್ಡಿನ ದುಂಡು ಕಲೆ. ಒರಗಿ ನಿದ್ದೆ ಹೋದವರು ಇಳಿದುಹೋಗಿದ್ದರು, ಅವರ ತಲೆಗಳು ಮಾತ್ರ ಇಲ್ಲೇ ಪ್ರಯಾಣ ಮಾಡುತ್ತಿದ್ದವು. ಯೋಚನೆಗೆ ಬಿದ್ದಾಗಲೆಲ್ಲ ಆಗುವಂತೆ ಅವನ ಕೈ ತಾನಾಗಿ ಕೂದಲಿಗೆ ಹೋಯಿತು. ಹೋದದ್ದು ಅಲ್ಲೇ ನಿಂತಿತು. ಕೈ ಇಳಿಸಿ ನೋಡಿದರೆ ಬೆರಳು ಮಿರಮಿರ ಹೊಳೆಯುತ್ತಿದ್ದವು. ತೊಳೆದ ಸೀಸೆಗಳನ್ನು ಕಂಠ ಹಿಡಿದು ಎತ್ತಿದ್ದು ಇವೇ ಬೆರಳು.

ಶನಿವಾರ ಬೆಳಿಗ್ಗೆ ತಾಯಿ ಚಿಕ್ಕಗೌರಮ್ಮ ಎಂದಿನಂತೆ ಎಣ್ಣೆ ಬಟ್ಟಲು ಹಿಡಿದು ಬಂದಳು.

"ಇವತ್ತು ಬ್ಯಾಡ ಕಣವ್ವ. ಸೀಗೆಪುಡಿ ಕೊಡು."

"ಯಾಕ್ಲಾ, ಯಾರು ಸತ್ತವ್ರೆ? ಎಣ್ಣೆ ಇಲ್ದೆ ತಲೆ ಕೆದರ್ಕೊಂಡು ಪ್ಯಾಟೆಗೆ ಹೋಯ್ತೀಯಾ?"

"ಮಿಷನ್ನಿಗೆ ನಿನ್ನ ಎಣ್ಣೆ ಕಾಣ್ತದವ್ವ."

"ಕಾಣ್ಲಿ ಬುಡು. ಕದ್ದಿದ್ದಾ ಏನು? ನಮ್ ತ್ವಾಟದ್ದೇ."

ಬಸ್ಸಿನಲ್ಲಿ ಅವನ ಒಣಗಿದ ತಲೆ ಕಂಡ ಮುದುಕರೊಬ್ಬರು ಮರುಕದಿಂದ ಸರಿದು ಜಾಗ ಬಿಟ್ಟುಕೊಟ್ಟರು. ಕೂದಲು ಗಾಳಿಗೆ ಹಾರಿ, ತಲೆ ತನ್ನದಲ್ಲದಷ್ಟು ಹಗುರವಾಗಿತ್ತು.

ಮುನಾವರನನ್ನು ಪ್ರಯೋಗಾಲಯದ ಬಾಗಿಲಾಚೆಯೇ ನಿಲ್ಲಿಸಿದ. "ನನ್ ತಲೇಲಿ ಕೂದಲೇ ಇಲ್ವಲ್ಲೋ, ಎಣ್ಣೆ ಎಲ್ಲಿಂದ ಬಂತು!" ಎಂದು ಅವನು ಗೊಣಗಿದ. ಕಾಡಸಿದ್ದಪ್ಪ ಹೊಸದಾಗಿ ತೊಳೆದ ಸೀಸೆಯನ್ನು ಇಕ್ಕಳದಲ್ಲೇ ಹಿಡಿದ, ಕಾಯಿಸಿದ, ಸೂಜಿ ಚುಚ್ಚಿದ.

ಒಂದು ನೆಗೆತ. ಆಮೇಲೆ ಗೆರೆ. ಗುಡ್ಡದ ಜಾಗ ಬಂತು, ದಾಟಿತು. ಗೆರೆ ಮುಂದಕ್ಕೆ ಹೋಗುತ್ತಲೇ ಇತ್ತು, ಗಾಳಿಯಿಲ್ಲದ ಹೊತ್ತಿನ ಕೆರೆಯಂತೆ.

ಹಿಂದೆ ಚಪ್ಪಲಿ ಸದ್ದು. ದೊಡ್ಡರಂಗಯ್ಯ, ಅವರ ಬೆನ್ನಿಗೆ ಗುಜರಿಯವನು.

"ಏನ್ರೀ ಇದು, ಏನೂ ಇಲ್ವಲ್ಲ?"

ನಿನ್ನೆಯ ಗುಡ್ಡದ ಕಾಗದ ಮೇಜಿನ ಮೇಲೇ ಇತ್ತು. ಮುನಾವರ್ ಬಾಗಿಲಿನಿಂದ ಕಣ್ಣಲ್ಲೇ ಅದನ್ನು ತೋರಿಸಿದ. ಕಾಡಸಿದ್ದಪ್ಪ ಅದನ್ನು ಎತ್ತಿ ಪ್ರಿನ್ಸಿಪಾಲರ ಕೈಗೆ ಕೊಟ್ಟ.

"ಇದು ನಿನ್ನೇದು ಸಾರ್. ಈ ಗುಡ್ಡ ನನ್ನ ತಲೆ ಎಣ್ಣೆ, ಕೈಯಿಂದ ಸೀಸೆಗೆ ಹತ್ತಿತ್ತು. ಇವತ್ತು ಒಳಗೆ ಏನೂ ಇಲ್ಲ. ಏನೂ ಇಲ್ಲ ಅಂತಾನೇ ಬರೀತಾ ಇದೆ."

ದೊಡ್ಡರಂಗಯ್ಯ ಗುಡ್ಡವನ್ನು ನೋಡಿದರು, ಹಾರುತ್ತಿದ್ದ ಅವನ ಕೂದಲನ್ನು ನೋಡಿದರು. ಸ್ಟೂಲೊಂದನ್ನು ಎಳೆದು ಗೆರೆಯ ಮುಂದೆ ಕೂತರು. ಪೆನ್ನು ಹೋಗುತ್ತಿತ್ತು. ಗುಜರಿಯವನು ಕಾದು ಕಾದು ಕೆಮ್ಮಿದ.

ಪ್ರಿನ್ಸಿಪಾಲರು ಕಾಗದದಿಂದ ಕಣ್ಣು ತೆಗೆಯದೆ, ಯಾರೋ ಮಲಗಿರುವ ಮನೆಯಲ್ಲಿ ಮಾತಾಡುವಷ್ಟು ಮೆಲ್ಲಗೆ ಹೇಳಿದರು:

"ಬೆಂಚು ಮಾತ್ರ ತಗೊಂಡು ಹೋಗಪ್ಪ. ಸದ್ದು ಮಾಡಬೇಡ."