ಮೂರು ದಿನದ ನೀರು

ಅತ್ತಿಗುಂಡಿಯ ಕಾಫಿ ಎಸ್ಟೇಟಿನ ಕೂಲಿಮನೆಗಳ ಲೈನಿನಲ್ಲಿ ಯಾರೇ ಕಳಲೆ ಹೆಚ್ಚಿದರೂ ತಂಗಮ್ಮನನ್ನು ಕೇಳದೆ ಒಲೆಗೆ ಇಡುತ್ತಿರಲಿಲ್ಲ. ಎಳೆ ಬಿದಿರಿನ ನಂಜು ಇಳಿಯಬೇಕಾದರೆ ಮೂರು ದಿನ ನೆನೆಯಬೇಕು, ದಿನಾ ನೀರು ಚೆಲ್ಲಬೇಕು. ಅವಸರ ಮಾಡಿದವರ ಹೊಟ್ಟೆಯ ಗತಿ ಏನಾಯಿತೆಂದು ಕೇಳದವರಿಗೂ ಕೂರಿಸಿಕೊಂಡು ಹೇಳುತ್ತಿದ್ದಳು.

ಎರಡು ಸಾವಿರದ ಮೂರನೇ ಇಸವಿಯಲ್ಲಿ ಮಗಳು ಮೋನಿಕಾ ಚೊಚ್ಚಲ ಬಸುರಿಯಾಗಿ, ವಾಂತಿ ತಡೆಯಲಾರದೆ ಮೂರು ತಿಂಗಳಿಗೇ ತವರಿಗೆ ಬಂದಳು. ಅವಳ ಕತ್ತಿನಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ನರ್ಸ್ ಮುತ್ತಮ್ಮ ಮುಟ್ಟಿ ನೋಡಿದಳು.

"ಗಳಗಂಡ ಇದು, ತಂಗಮ್ಮ. ಮೈಗೆ ಅಯೋಡಿನ್ ಸಾಲ್ದೆ ಹೀಗಾಗುತ್ತೆ. ಹೊಟ್ಟೇಲಿರೋ ಮಗೂಗೂ ಅದು ಬೇಕು. ಪ್ಯಾಕೆಟ್ ಉಪ್ಪು ತಗೊಳ್ಳಿ, ಚಿಕ್ಕಮಗಳೂರಲ್ಲಿ ಡಾಕ್ಟ್ರಿಗೆ ತೋರ್ಸಿ."

ಅಷ್ಟರಲ್ಲಿ ಅಳಿಯ ಸುರೇಂದ್ರ, ಮಂಗಳೂರಿಗೆ ಕಾಫಿ ಲಾರಿ ಓಡಿಸುವವನು, ಒಣಗಿಸಿದ ಕಡಲಪಾಚಿಯ ಪೊಟ್ಟಣ ತಂದ. "ಇದ್ರಲ್ಲಿ ಅಯೋಡಿನ್ ಬೇಕಾದಷ್ಟಿದೆಯಂತೆ ಅತ್ತೆ. ದಿನಾ ಒಂದು ಚಿಟಿಕೆ ಸಾರಿಗೆ ಹಾಕಿ" ಎಂದ. ಇಷ್ಟು ದೊಡ್ಡ ಮದ್ದು ಮನೆಯಲ್ಲಿರುವಾಗ ಡಾಕ್ಟರು ಯಾಕೆ, ಪ್ಯಾಕೆಟ್ ಉಪ್ಪು ಯಾಕೆ ಎಂದುಕೊಂಡಳು ತಂಗಮ್ಮ. ಅಯೋಡಿನ್ ಇಲ್ಲದ ಹರಳುಪ್ಪೇ ಮುಂದುವರಿಯಿತು.

ಪಾಚಿಯನ್ನು ಮೂಸಿದಳು. ಕಂಡು ಕೇಳರಿಯದ ಸಮುದ್ರದ ಸೊಪ್ಪು. ಅದನ್ನು ಹಾಗೇ ಬಸುರಿಯ ಹೊಟ್ಟೆಗೆ ಹಾಕುವುದುಂಟೇ? ಕಳಲೆಯಂತೆಯೇ ಮೂರು ದಿನ ನೆನೆಹಾಕಿ, ದಿನಾ ನೀರನ್ನು ಹಿತ್ತಲ ಮೆಣಸಿನ ಗಿಡಕ್ಕೆ ಸುರಿದು, ನಾಲ್ಕನೇ ದಿನ ಅರೆದು ಸಾರಿಗೆ ಹಾಕಿದಳು. ಆರು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ.

ತಾನೊಂದು ಎಣಿಸಿದರೆ ದೈವವೊಂದು ಎಣಿಸಿತು. ಹುಟ್ಟಿದ ಮಗು ಅಳಲೇ ಇಲ್ಲ.

ತಿಂಗಳ ನಂತರ ಬಂದ ಮುತ್ತಮ್ಮ, ಉಳಿದ ಪೊಟ್ಟಣ ನೋಡಿ, "ಇದನ್ನ ಹ್ಯಾಗೆ ಕೊಡ್ತಿದ್ರಿ?" ಎಂದು ಕೇಳಿದಳು. ಅಷ್ಟು ದುಃಖದಲ್ಲೂ ತಂಗಮ್ಮ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳು. ಮುತ್ತಮ್ಮ ಪೊಟ್ಟಣವನ್ನು ಕೆಳಗಿಟ್ಟಳು.

"ಸತ್ವ ಎಲ್ಲ ಆ ನೀರಲ್ಲೇ ಬಿಟ್ಕೊಳ್ಳುತ್ತೆ ತಂಗಮ್ಮ. ಆದ್ರೆ ಮಗು ಹೋಗಿದ್ದು ಅದ್ರಿಂದ್ಲೇ ಅಂತ ಯಾರೂ ಹೇಳೋಕಾಗಲ್ಲ."

ತಂಗಮ್ಮನ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ. ಹಿತ್ತಲಿಗೆ ಹೋದಳು. ಮೆಣಸಿನ ಗಿಡ ಮೈತುಂಬ ಕಾಯಿ ಬಿಟ್ಟು ನಿಂತಿತ್ತು. ಬೇರುಸಹಿತ ಕಿತ್ತೆಸೆದಳು. ಯಾಕಮ್ಮ ಎಂದು ಮಗಳು ಕೇಳಿದ್ದಕ್ಕೆ ಹುಳ ಹಿಡಿದಿತ್ತು ಎಂದಳು. ಆ ಸುಳ್ಳು ಎರಡು ವರ್ಷ ಅವಳ ಎದೆಯನ್ನು ಕೊರೆಯಿತು. ಕಳಲೆ ಹೇಗೆ ಮಾಡುವುದೆಂದು ಯಾರಾದರೂ ಕೇಳಿದರೆ ನನಗೇನು ಗೊತ್ತು ಅನ್ನತೊಡಗಿದಳು.

ಎರಡನೇ ಬಾರಿ ಬಸುರಿಯಾಗಿ ಬಂದ ಮೋನಿಕಾ ಅದೇ ತರಹದ ಪೊಟ್ಟಣವನ್ನು ಅಮ್ಮನ ಮಡಿಲಲ್ಲಿಟ್ಟಳು.

"ನೀನೇ ನೆನೆಹಾಕಮ್ಮ. ಹೋದ ಸಲ ನೀನು ಮಾಡ್ದಷ್ಟು ಯಾವ ತಾಯಿ ಮಾಡ್ತಾಳೆ! ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತ ಇವ್ರು ಈಗ್ಲೂ ಹೇಳ್ತಿರ್ತಾರೆ."

ಸುಮ್ಮನಿದ್ದು ನೆನೆಹಾಕದೆ ಕೊಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತಂಗಮ್ಮನಿಂದ ಆಗಲಿಲ್ಲ. ಮುತ್ತಮ್ಮ ಹೇಳಿದ್ದು, ಮೆಣಸಿನ ಗಿಡ, ಹುಳದ ಸುಳ್ಳು, ಎಲ್ಲವನ್ನೂ ಅಳುತ್ತಲೇ ಹೇಳಿಬಿಟ್ಟಳು.

ಮೋನಿಕಾ ಬೈಯಲಿಲ್ಲ, ಅಳಲೂ ಇಲ್ಲ. ಅಮ್ಮನ ಮಡಿಲಿಂದ ಪೊಟ್ಟಣವನ್ನು ಮೆಲ್ಲಗೆ ಎತ್ತಿಕೊಂಡಳು.

"ನಾಳೆ ಡಾಕ್ಟ್ರ ಹತ್ರ ಹೋಗ್ಬರ್ತೀನಿ" ಎಂದಳು. "ಇವತ್ತಿಂದ ಅಡುಗೆ ನಾನೇ ಮಾಡ್ಕೋತೀನಮ್ಮ."

ತಂಗಮ್ಮ ಎದ್ದು ಒಲೆಯ ಮುಂದಿನ ಜಾಗ ಬಿಟ್ಟುಕೊಟ್ಟಳು.